ಆನೆಗೂಟದವರ ಆನೆ

ಪಾಟೀಲ, ಬಿರಾದಾರ, ಕುಲಕರ್ಣಿ ಎಂಬ ಅಡ್ಡಹೆಸರಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಅವರು ಎಲ್ಲಿಗೆ ಹೋದರೂ ಒಮ್ಮೆ ಹೆಸರು ಹೇಳಿದರೆ ಮುಗಿಯಿತು, ಯಾರೂ ತಲೆಯೆತ್ತಿ "ಏನಂದ್ರಿ?" ಎಂದು ಮತ್ತೆ ಕೇಳುವುದಿಲ್ಲ. ಬಸ್ಸಿನಲ್ಲಿ "ಪಾಟೀಲರೇ" ಎಂದು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನಾಲ್ವರಿಗೂ ಒಬ್ಬರಿಗೊಬ್ಬರು ಏನೂ ಆಗಬೇಕಾಗಿರುವುದಿಲ್ಲ, ಅದರಿಂದ ಯಾರ ಮನೆಯ ಒಲೆಯೂ ಆರುವುದಿಲ್ಲ. ನನ್ನ ಅಡ್ಡಹೆಸರು ಹಾಗಲ್ಲ. ಅದು ಆನೆಗೂಟದ. ಸೇಡಂ ಸೀಮೆಯಲ್ಲಿ ತೊಗರಿ ಇದೆ, ಜೋಳ ಇದೆ, ನೆಲ ಅಗೆದರೆ ಹಾಸುಗಲ್ಲು ಇದೆ. ಆನೆ ಮಾತ್ರ ಇಲ್ಲ. ಹಾಗಾಗಿ ನಾನು ಹೆಸರು ಹೇಳಿದ ಕೂಡಲೇ ಕೇಳಿದವರು ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡುತ್ತಾರೆ. ನನ್ನ ತೂಕ ಅಂದಿಗೂ ಇಂದಿಗೂ ಆನೆಗೆ ಸಾಕ್ಷಿ ಹೇಳುವಂಥದ್ದಲ್ಲ.

ಹೆಸರು ಬಂದದ್ದು ಸೇಡಂ ಹತ್ತಿರದ ಮುಧೋಳದ ನಮ್ಮ ಮನೆಯ ಬಾಗಿಲ ಬಲಕ್ಕಿರುವ ಕಲ್ಲಿನ ಗೂಟದಿಂದ. ಎದೆಮಟ್ಟದ ಎತ್ತರ, ತಬ್ಬಿಕೊಂಡರೆ ಕೈಗೆ ಕೈ ಸಿಗದಷ್ಟು ದಪ್ಪ, ಮೇಲೆ ಹಗ್ಗ ತೂರಿಸಲು ಒಂದು ತೂತು. ನಾನು ಕಂಡಂತೆ ಅದಕ್ಕೆ ಕಟ್ಟಿದ್ದು ನಮ್ಮ ಎಮ್ಮೆಯನ್ನು, ಮತ್ತು ಹಟ ಹಿಡಿದು ರಂಪ ಮಾಡಿದಾಗ ನನ್ನನ್ನು. ಆದರೆ ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಆ ಗೂಟಕ್ಕೆ ದಿನಾ ಅರಿಶಿನ ಕುಂಕುಮ ಹಚ್ಚಿ, ಹಿರಿಯರ ಕಾಲದಲ್ಲಿ ಅಲ್ಲಿ ಆನೆ ನಿಲ್ಲುತ್ತಿತ್ತೆಂದೂ, ಅದರ ಗಂಟೆ ಅಲುಗಿದರೆ ಪಕ್ಕದೂರಿನ ನಾಯಿಗಳು ಬೊಗಳುತ್ತಿದ್ದವೆಂದೂ ಹೇಳುತ್ತಿದ್ದಳು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ಆಯಿಯ ಮುಂದೆ ಬಾಯಿ ಬಿಟ್ಟವಳಲ್ಲ. ಹೀಗಾಗಿ ಮನೆಯ ಚರಿತ್ರೆಯೆಲ್ಲ ಆಯಿ ಒಬ್ಬಳ ಬಾಯಲ್ಲೇ ಇತ್ತು. ಅವಳಿಗಿಂತ ಹಿರಿಯರು ಊರಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಆನೆಗೆ ಅಡ್ಡಿಯೂ ಇರಲಿಲ್ಲ.

ಅಡ್ಡಿ ಬಂದದ್ದು ಸೇಡಮ್ಮಿನ ಹೈಸ್ಕೂಲಿನಲ್ಲಿ. ರಾಜ್ಯಗಳು ಒಂದಾದ ಹೊಸದರಲ್ಲಿ ಮೈಸೂರು ಕಡೆಯಿಂದ ಒಬ್ಬ ಮಾಸ್ತರರು ಬಂದಿದ್ದರು. ಒಳ್ಳೆಯವರು, ನಮ್ಮ ಊಟದ ಖಾರಕ್ಕೆ ಮಾತ್ರ ಹೆದರುತ್ತಿದ್ದರು. ಅವರ ಹೆಸರಿನ ಮೊದಲಿಗೆ ಎರಡು ಅಕ್ಷರಗಳಿದ್ದವು, ಅಷ್ಟೇ. ಒಂದು ಊರಿಗೆ, ಒಂದು ಅಪ್ಪನಿಗೆ. ನನ್ನ ಹೆಸರು ಕೇಳಿ ಅವರು, ಮನೆ ಮುಂದಿನ ಗೂಟವನ್ನೆಲ್ಲ ಹೆಸರಿಗೆ ಕಟ್ಟಿಕೊಂಡು ತಿರುಗುತ್ತೀರಲ್ಲಯ್ಯ ಎಂದು ನಕ್ಕರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂದಿನಿಂದ ಆ ಹೆಸರು ನನಗೆ ಇನ್ನಷ್ಟು ಪ್ರೀತಿಯದಾಯಿತು. ನಮ್ಮಂಥ ಮನೆತನ ಭೂಮಿಯ ಮೇಲೆ ಒಂದೇ, ಎರಡನೆಯದಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಾ ಬಂದೆ.

ಎರಡನೆಯದು ಇತ್ತು. ಅದು ಶಹಾಬಾದದಲ್ಲಿತ್ತು. ನಾನು ವಾಡಿ ಜಂಕ್ಷನ್ನಿನಲ್ಲಿ ಪಾರ್ಸಲ್ ಗುಮಾಸ್ತನಾಗಿದ್ದಾಗ ಒಂದು ಮಧ್ಯಾಹ್ನ ಗಾಡಿ ಬದಲಿಸಲು ಕುಳಿತ ಒಬ್ಬ ಹಿರಿಯರ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ "ಶರಣಪ್ಪ ಆನೆಗೂಟದ, ಶಹಾಬಾದ" ಎಂದು ಬರೆದಿತ್ತು. ಓದಿದವನೇ ಅವರ ಮುಂದೆ ಹೋಗಿ ನಿಂತೆ. ನನ್ನ ಹೆಸರು ಹೇಳಿದೆ. ಅವರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಚಹಾ ಆಯಿತು, ಮತ್ತೊಂದು ಚಹಾ ಆಯಿತು, ಅವರ ಗಾಡಿ ಹೋಗಿಯೂ ಆಯಿತು. ಅವರದು ಶಹಾಬಾದದಲ್ಲಿ ಹಾಸುಗಲ್ಲಿಗೆ ಪಾಲಿಶ್ ಹಾಕುವ ಅಂಗಳ. ಪಕ್ಕದಲ್ಲಿ ಮಗಳು ನೀಲಾ ಕುಳಿತಿದ್ದಳು. ನಾನು ನಮ್ಮ ಆನೆಯ ಸುದ್ದಿ ತೆಗೆದು ಅದರ ಗಂಟೆಯ ಮಾತಿಗೆ ಬಂದಾಗ ಆಕೆ ಮೊದಲ ಸಲ ಬಾಯಿ ತೆರೆದು, "ಆನಿ ಹೆಸರೇನಿತ್ತರಿ?" ಎಂದು ಕೇಳಿದಳು. ಅದನ್ನು ನಾನು ಯಾವತ್ತೂ ಯೋಚಿಸಿರಲಿಲ್ಲ. ಲಕ್ಷ್ಮಿ ಎಂದುಬಿಟ್ಟೆ. ತಮ್ಮ ಮನೆಯ ಮಾತಿನ ಪ್ರಕಾರ ಅದು ಗಂಡಾನೆ ಎಂದು ಆಕೆ ಬಹಳ ವಿನಯದಿಂದ ಹೇಳಿದಳು. ಆ ಕ್ಷಣಕ್ಕೇ ನನ್ನ ಕಥೆ ಮುಗಿಯಿತು.

ಆಮೇಲೆ ಭಾನುವಾರ ಬಂದರೆ ನನಗೆ ಶಹಾಬಾದದಲ್ಲಿ ಏನಾದರೂ ಕೆಲಸ ಇರುತ್ತಿತ್ತು. ಅವರ ಮನೆಯ ನೆಲ ಎಷ್ಟು ನುಣುಪೆಂದರೆ ತಲೆ ತಗ್ಗಿಸಿ ಕುಳಿತರೆ ನನ್ನ ಮುಖದ ಗಾಬರಿ ನನಗೇ ಕಾಣುತ್ತಿತ್ತು. ನೀಲಾ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು, ಮನೆಗೆ ಬಂದವರನ್ನೂ ಸ್ವಲ್ಪ ಹಾಗೆಯೇ ನೋಡುತ್ತಿದ್ದಳು. ಮೂರು ತಿಂಗಳಲ್ಲಿ ಎರಡೂ ಕಡೆ ಎಲ್ಲರಿಗೂ ವಿಷಯ ತಿಳಿದು, ಒಪ್ಪಿಗೆಯೂ ಆಗಿ, ಮಾತು ಪಕ್ಕಾ ಮಾಡಲು ಚಿತ್ತಾಪುರದಿಂದ ನನ್ನ ಸೋದರಮಾವ ಮಲ್ಲಣ್ಣ ಬಂದ. ಮಾವ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಎಲೆಅಡಿಕೆಯ ತಟ್ಟೆ ಮುಂದೆ ಬಂದಾಗ, ಎಲ್ಲಾ ಸರಿ, ನಿಮ್ಮ ಬೆಡಗು ಯಾವುದು ಎಂದು ಕೇಳಿದ. ಒಂದೇ ಬೆಡಗಿನವರೆಂದರೆ ಒಂದೇ ಬಳ್ಳಿಯವರು, ಅವರಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಬೆಡಗು ಮರೆತುಹೋಗಿ ಅಡ್ಡಹೆಸರನ್ನೇ ಹೇಳಿ ಪಾರಾಗುತ್ತಾರೆ. ಶರಣಪ್ಪನವರೂ ಆನಿಗೂಟದವರು ಎಂದರು. ನಮ್ಮ ಮನೆಯ ಉತ್ತರವೂ ಅದೇ ಎಂಬುದು ಮಾವನಿಗೆ ಗೊತ್ತಿತ್ತು.

ಮಾವ ಮತ್ತೆ ಕೆದಕಿದ. ನೀವು ಮೂಲದಲ್ಲಿ ಯಾವ ಊರಿನವರು? ಶರಣಪ್ಪನವರು ಸಂಭ್ರಮದಿಂದಲೇ, ತಮ್ಮ ಮುತ್ಯಾ, ಅಂದರೆ ಅಜ್ಜ, ಕಲ್ಲಿನ ಗಣಿಗೆ ದುಡಿಯಲು ಸೇಡಂ ಕಡೆಯಿಂದ ಬಂದವನು, ಊರು ಮುಧೋಳ ಇದ್ದೀತು ಎಂದರು. ಮಾವ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಒಂದೇ ಹೆಸರು, ಒಂದೇ ಊರು, ಒಂದೇ ಆನೆ. ಇನ್ನೇನು ಬೇಕು? ನಾವು ಅಣ್ಣತಮ್ಮಂದಿರ ಮನೆಯವರೆಂದು ತೀರ್ಮಾನವಾಯಿತು. ಹೆಸರು ಪಾಟೀಲ ಎಂದಿದ್ದರೆ ಮಾವ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಷ್ಟು ಅಪರೂಪದ ಹೆಸರು ಎರಡು ಮನೆಯಲ್ಲಿ ಇರಬೇಕಾದರೆ ಬೇರೊಂದು ಕಾರಣ ಯಾರಿಗೆ ಹೊಳೆಯಬೇಕು? ಭೂಮಿಯ ಮೇಲೆ ನಮ್ಮಂಥವರು ಒಬ್ಬರೇ ಎಂದು ಹತ್ತು ವರ್ಷ ಸಾರಿದ ಬಾಯಿಂದ ನಾನು ಈಗ ಅಲ್ಲವೆಂದು ಹೇಗೆ ಹೇಳಲಿ? ನೀಲಾ ಬಾಗಿಲಲ್ಲಿ ನಿಂತವಳು ಒಳಗೆ ಹೋದಳು. ನಾನು ನೆಲ ನೋಡಿದೆ. ನೆಲದಲ್ಲಿ ನನ್ನ ಮುಖ ನೋಡುವಂತಿರಲಿಲ್ಲ.

ಎರಡೂ ಮನೆಯವರೂ ಒಳ್ಳೆಯವರು ಎಂಬುದೇ ಆಮೇಲಿನ ಕಷ್ಟಕ್ಕೆ ಕಾರಣ. ಸಂಬಂಧ ಮುರಿಯಿತೆಂದು ಯಾರೂ ಮುನಿಸಿಕೊಳ್ಳಲಿಲ್ಲ. ಬದಲಿಗೆ ಅಗಲಿದ ಬಂಧುಗಳು ಸಿಕ್ಕರೆಂದು ಶರಣಪ್ಪನವರು ಸಂತೋಷಪಡತೊಡಗಿದರು. ನೀನು ನನಗೆ ಮಗನ ಸಮಾನ ಎಂದರು. ನಾನು ಹೂಂ ಎಂದೆ. ಅಳಿಯನೂ ಮಗನ ಸಮಾನವೇ ಎಂದು ಹೇಳುವ ಧೈರ್ಯ ಬರಲಿಲ್ಲ. ವಾಡಿಯಲ್ಲಿ ನಾನು ಮೂಟೆಗಳ ಮೇಲಿನ ಹೆಸರು ಓದುವುದನ್ನೇ ಬಿಟ್ಟೆ. ಅಷ್ಟರಲ್ಲಿ ನಾಗರಪಂಚಮಿ ಬಂತು. ನಮ್ಮ ಕಡೆ ಅದು ಅಣ್ಣತಂಗಿಯರ ಹಬ್ಬ. ತಂಗಿಯಾದವಳು ಅಣ್ಣನಿಗೆ ಉಂಡಿ ಕೊಡುತ್ತಾಳೆ. ಶಹಾಬಾದದಿಂದ ಒಬ್ಬರ ಕೈಯಲ್ಲಿ ಒಂದು ಡಬ್ಬಿ ಬಂತು. ಅದರ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ನೀಲಾಳ ತಾಯಿ ಹೇಳಿ ಕಳಿಸಿದ್ದರು, ಮನೆಗೆ ಗಂಡುಮಗ ಇರಲಿಲ್ಲ, ಈ ವರ್ಷ ನೀಲಾಗೆ ಅಣ್ಣ ಸಿಕ್ಕ, ತಪ್ಪದೆ ತಿನ್ನಬೇಕು ಎಂದು. ಡಬ್ಬಿ ಹಿಡಿದುಕೊಂಡು ನಾನು ಹಬ್ಬಕ್ಕೆ ಮುಧೋಳಕ್ಕೆ ಹೋದೆ. ದಾರಿಯುದ್ದಕ್ಕೂ ಅದು ತೊಡೆಯ ಮೇಲೆ ಕಲ್ಲಿನ ಹಾಗೆ ಕುಳಿತಿತ್ತು.

ಹಬ್ಬಕ್ಕೆ ಅವ್ವನನ್ನು ನೋಡಲು ಮಲ್ಲಣ್ಣ ಮಾವನೂ ಬಂದಿದ್ದ. ಕಟ್ಟೆಯ ಮೇಲೆ ಒಂದು ಕಡೆ ಮಾವ, ಇನ್ನೊಂದು ಕಡೆ ಆಯಿ, ನಡುವೆ ಡಬ್ಬಿ. ಮಾವ ಅದನ್ನು ತೆರೆದು, ತುಪ್ಪ ಹಾಕಿದ್ದಾರೆ ನೋಡು ಎಂದು ಹೊಗಳಿ ನನ್ನ ಕೈಗೆ ಒಂದು ಉಂಡಿ ಇಟ್ಟ. ನಾನು ಅದನ್ನು ಹಿಡಿದುಕೊಂಡು ಕುಳಿತೆ. ತಿಂದರೆ ನೀಲಾಗೆ ಅಣ್ಣನಾಗುತ್ತೇನೆ, ತಿನ್ನದಿದ್ದರೆ ಯಾಕೆಂದು ಹೇಳಬೇಕು. ಹೊಟ್ಟೆ ಸರಿಯಿಲ್ಲ ಎಂದೆ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಸು, ಆ ಉಂಡಿ ಬಾಯಾಗ ಹಾಕ್ಬ್ಯಾಡ. ಅಕಿ ನಿನಗ ತಂಗಿ ಅಲ್ಲ," ಎಂದಳು ಆಯಿ.

ಮಾವ ತಾನು ಬಾಯಿಗಿಟ್ಟ ಉಂಡಿಯನ್ನು ಹಾಗೇ ಹಿಡಿದ. ಆಯಿ ಸೆರಗು ಸರಿಮಾಡಿಕೊಂಡು, ಗೂಟದ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತಾ ಹೇಳಿದಳು. "ನಾವು ಆನಿಗೂಟದವರಲ್ಲ, ಮಲ್ಲಣ್ಣ. ನಮ್ಮ ಮಾವ ಚಿಂಚೋಳಿ ಕಡಿ ಐನಾಪುರದಿಂದ ಬಂದು ಈ ಮನಿ ಕೊಂಡಾನ. ಮಾರಿದವರು ಶಹಾಬಾದಕ್ಕ ಹೋದ್ರು. ಮನಿ ಸಂಗಟ ಗೂಟ ಬಂತು, ಗೂಟದ ಸಂಗಟ ಹೆಸರು ಬಂತು."

ಈ ಸೀಮೆಯಲ್ಲಿ ಅದೇನೂ ಹೊಸದಲ್ಲ. ಊರವರು ಮನೆಯನ್ನು ಕರೆಯುತ್ತಾರೆ, ಒಳಗಿದ್ದವರು ಓಗೊಡುತ್ತಾರೆ. ನಮಗೆ ಅದು ಹೊಳೆಯದೆ ಇದ್ದದ್ದೇ ಆಶ್ಚರ್ಯ. ಆನೆ ಅಷ್ಟು ದೊಡ್ಡದಾಗಿ ಅಡ್ಡ ನಿಂತಿತ್ತು. ಮಾವ ಚೇತರಿಸಿಕೊಂಡು, ಹಾಗಾದರೆ ಐನಾಪುರದಲ್ಲಿ ನಿಮಗೆ ಏನನ್ನುತ್ತಿದ್ದರು ಎಂದು ಕೇಳಿದ. ಆಯಿ ಈಗ ಗೂಟದ ಕಡೆ ನೋಡಿದಳು.

"ಮುಗ್ಗಜೋಳದವರು," ಎಂದಳು.

ಅವಳ ಮಾವನ ಕಾಲದಲ್ಲೋ ಅದಕ್ಕೂ ಹಿಂದೆಯೋ, ನೆಲದೊಳಗೆ ಕಾಳು ತುಂಬಿಡುವ ಹಗೇವಿಗೆ ನೀರು ಇಳಿದು ಜೋಳವೆಲ್ಲ ಮುಗ್ಗಿತ್ತಂತೆ. ಹಿರಿಯ ಅದನ್ನು ಚೆಲ್ಲಲು ಒಪ್ಪದೆ ವರ್ಷವಿಡೀ ಅದರದೇ ರೊಟ್ಟಿ ತಿಂದು, ಬಂದ ಬೀಗರಿಗೂ ಅದನ್ನೇ ಬಡಿಸಿದನಂತೆ. ಬೀಗರು ಮರೆಯುವರೇ? ಹೆಸರು ಮುಧೋಳದವರೆಗೂ ಹಿಂಬಾಲಿಸಿ ಬಂತು. ಆಯಿ ಮದುವೆಯಾಗಿ ಬಂದಾಗ ಬಾವಿಯ ಹತ್ತಿರ ಹೆಂಗಸರು "ಮುಗ್ಗಜೋಳದಕ್ಕಾ" ಎಂದು ಕರೆದರೆ ಅವಳು ಕೊಡ ತುಂಬಿಕೊಂಡು ತಿರುಗಿ ನೋಡದೆ ಹೋಗುತ್ತಿದ್ದಳು. "ಆನಿಗೂಟದಕ್ಕಾ" ಎಂದವರಿಗೆ ಮಾತ್ರ ಉತ್ತರ. ಹೀಗೆ ಒಂದು ಊರಿನ ನಾಲಿಗೆಯನ್ನು ಒಬ್ಬಳೇ ತಿದ್ದಿದಳು. ನನ್ನ ಹೆಸರನ್ನು ಯಾವ ರಾಜನೂ ಕೊಟ್ಟಿರಲಿಲ್ಲ, ಒಬ್ಬ ಹುಡುಗಿ ಕತ್ತು ತಿರುಗಿಸದೆ ಗಳಿಸಿದ್ದಳು. ಅದನ್ನು ಈಗ ನನಗಾಗಿ, ಅದೂ ಸೊಸೆಯ ಅಣ್ಣನ ಎದುರಿಗೆ, ಬಿಟ್ಟುಕೊಟ್ಟಳು.

ಮಾವನಿಗೆ ಬೇರೆಯದೇ ನೋವು. ತನ್ನ ತಂಗಿಯನ್ನು ಆನೆ ನೋಡಿ ಈ ಮನೆಗೆ ಕೊಟ್ಟದ್ದು ಎಂದ. ಆಯಿ ಅವನ ಕಡೆ ತಿರುಗಿ, "ಕೊಟ್ಟಾಗಿನಿಂದ ನಿನ್ನ ತಂಗಿಗಿ ಮುಗ್ಗಿದ ಜೋಳ ಉಣಿಸೀನೇನು?" ಎಂದಳು. ಬಾಗಿಲ ಹಿಂದೆ ಯಾರೋ ಗೊಳ್ಳೆಂದು ನಕ್ಕರು. ಅದು ಅವ್ವ. ಆಯಿಯ ಮುಂದೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮಾವನೂ ನಕ್ಕ. ನಾನು ಉಂಡಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ. ಡಬ್ಬಿಯನ್ನು ಮಾವ ಚಿತ್ತಾಪುರಕ್ಕೆ ಒಯ್ದ. ಅವನು ನೀಲಾಗೆ ಅಣ್ಣನಾದರೆ ನನ್ನ ಅಡ್ಡಿಯೇನೂ ಇರಲಿಲ್ಲ.

ಮಾರನೆಯ ವಾರ ಶಹಾಬಾದದಲ್ಲಿ ಮಾವನೇ ಎಲ್ಲವನ್ನೂ ವಿವರಿಸಿದ. ಶರಣಪ್ಪನವರು ಹಣೆ ಬಡಿದುಕೊಂಡರು. ಮನೆಯನ್ನು ಚಿಂಚೋಳಿ ಕಡೆಯವನಿಗೆ ಮಾರಿದ್ದೆಂದು ತಮ್ಮ ಮುತ್ಯಾ ಹೇಳುತ್ತಿದ್ದನಂತೆ. ಮಾರಿದ ಮನೆಯ ಹೆಸರನ್ನು ಕೊಂಡವರೂ ಇಟ್ಟುಕೊಂಡಾರೆಂದು ಅವರಿಗೂ ಹೊಳೆದಿರಲಿಲ್ಲ. ಹಗುರಾದ ಮನಸ್ಸಿನವರಿಗೆ ಬಾಯಿ ನಿಲ್ಲುವುದಿಲ್ಲ. ನಿಶ್ಚಯದ ದಿನ ಹೋಳಿಗೆ ಉಂಡು ಕುಳಿತಾಗ ಅವರು ಇನ್ನೊಂದು ನಿಜವನ್ನೂ ಹೇಳಿಬಿಟ್ಟರು. ಆನೆ ಅವರದೂ ಅಲ್ಲವಂತೆ. ಯಾರೋ ಜಾಗೀರದಾರರ ಮದುವೆಗೆ ಹೊರಟ ಆನೆ ಮುಧೋಳದಲ್ಲಿ ಕಾಲಿಗೆ ಮುಳ್ಳು ಹೊಕ್ಕು ನಿಂತಿತು. ಅದಕ್ಕಾಗಿ ಅವಸರದಲ್ಲಿ ಗೂಟ ನೆಟ್ಟರು. ಅದು ಒಂದು ಹಗಲು ಅಲ್ಲಿದ್ದು, ಮನೆಯ ಕಣಕಿಯ, ಅಂದರೆ ಜೋಳದ ಒಣದಂಟಿನ, ಬಣವೆಯನ್ನೆಲ್ಲ ತಿಂದು ಹೋಯಿತು.

ಮೂಲೆಯಲ್ಲಿ ಕುಳಿತಿದ್ದ ಆಯಿ ಅಂದು ಮೊದಲ ಬಾರಿಗೆ ನೆಟ್ಟಗಾದಳು. "ಆನಿ ಒಂದ್ ಹಗಲು ಇತ್ತು. ನಿಮ್ಮವರು ಬಿಟ್ಟು ಹೋದ್ರು. ನಾವು ಇನ್ನೂ ಅದೀವಿ. ಹೇಳ್ರಿ, ಗೂಟ ಯಾರದಾತು?" ಎಂದಳು. ಶರಣಪ್ಪನವರು ಕೈ ಮುಗಿದು, ನಿಮ್ಮದೇ ಎಂದರು. ಬೀಗತನದಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ.

ಈಗ ರಾಜ್ಯದ ಹೆಸರೇ ಬದಲಾಗಿದೆ, ನಮ್ಮದು ಉಳಿದಿದೆ. ಲೋಕದಲ್ಲಿ ಮದುವೆಯಾದವಳಿಗೆ ಗಂಡನ ಅಡ್ಡಹೆಸರು ಬರುತ್ತದೆ. ನೀಲಾ ತನ್ನದನ್ನು ಬದಲಿಸಬೇಕಾಗಲೇ ಇಲ್ಲ. ಮಕ್ಕಳು ಆನೆಗೂಟದವರಾಗಿರುವುದು ನ್ಯಾಯವಾಗಿ ತಾಯಿಯಿಂದ. ಮನೆಯಲ್ಲಿ ನಾನೊಬ್ಬನೇ ಮುಗ್ಗಜೋಳದವನು. ಸಿಟ್ಟು ಬಂದಾಗ "ನಮ್ಮ ಮನೆತನದಾಗ" ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುವುದನ್ನು ಕಲಿತಿದ್ದೇನೆ. ಮೊನ್ನೆ ವಾಡಿಯ ನಮ್ಮ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಪಕ್ಕದ ಮನೆಯವರು ಚಹಾಕ್ಕೆ ಬಂದು, ಭಾರಿ ಹೆಸರು ನಿಮ್ಮದು, ಹಿರಿಯರು ಆನೆ ಸಾಕಿದ್ದರೇ ಎಂದು ಕೇಳಿದರು. ನಾನು ಅಡುಗೆಮನೆಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡೆ. ಒಳಗಿಂದ ನೀಲಾ, "ಹೇಳ್ರಿ, ನಾ ಚಾ ಸೋಸ್ಲಿಕತ್ತೀನಿ, ಏನೂ ಕೇಳಂಗಿಲ್ಲ," ಎಂದಳು. ನಾನು ಆನೆಯ ಗಂಟೆಯಿಂದಲೇ ಶುರು ಮಾಡಿದೆ.