ಹಳದಿಯಾಗಲು ಒಪ್ಪದ ಎಲೆಗಳ ಬಗ್ಗೆ

ಸಂಖ್ಯೆ: ಗಾಮ/ಎಲೆ/ಹಸಿರು/ಮುಂದುವರಿದ ಕಡತ

ವಿಷಯ: ಗಾಜಿನ ಮನೆಯ ಬೀನ್ಸ್ ಎಲೆಗಳು ಸಕಾಲದಲ್ಲಿ ಹಳದಿಯಾಗದೆ, ತನ್ಮೂಲಕ ಸಿಂಪಡಣೆ ಸಹಾಯಕಿಯ ಹುದ್ದೆ ಮುಕ್ತಾಯವಾಗದಿರುವ ಕುರಿತು.

ಉಲ್ಲೇಖ: (ಅ) ಸಹಾಯಕಿಯ ನೇಮಕಾತಿ ಆದೇಶ. (ಆ) ಎಲೆಗಳಿಗೆ ಜಾರಿಯಾದ ಕಾರಣ ಕೇಳುವ ನೋಟಿಸು. (ಇ) ಸದರಿ ನೋಟಿಸಿಗೆ ಉತ್ತರ ಬಾರದಿರುವುದು.

ಬೆಳೆಯ ಮೇಲೆ ಸಸ್ಯ ಹಾರ್ಮೋನಿನ ಪರಿಣಾಮವನ್ನು ಪರಿಶೀಲಿಸುವ ಸಲುವಾಗಿ, ಒಂದು ಸಾಲು ಬೀನ್ಸ್ ಗಿಡಗಳಿಗೆ ಸೈಟೊಕೈನಿನ್ ಎಂಬ ಹಾರ್ಮೋನಿನ ದ್ರಾವಣವನ್ನೂ ಎದುರು ಸಾಲಿಗೆ ಬರಿಯ ನೀರನ್ನೂ ಸಿಂಪಡಿಸಲು ಹಂಗಾಮಿ ಸಹಾಯಕಿಯೊಬ್ಬರನ್ನು ನೇಮಿಸಲಾಗಿತ್ತು. ಈ ಕಚೇರಿಯ ವಾಡಿಕೆಯಂತೆ ಅವಧಿಯನ್ನು ದಿನಾಂಕದಲ್ಲಿ ಹೇಳದೆ, "ಎರಡೂ ಸಾಲಿನ ಎಲೆ ಹಳದಿಯಾಗುವವರೆಗೆ" ಎಂದು ನಮೂದಿಸಲಾಗಿತ್ತು. ಸದರಿ ಹಾರ್ಮೋನು ಎಲೆಯ ಮುಪ್ಪನ್ನೇ ಮುಂದೂಡುತ್ತದೆಂಬುದನ್ನು ಆದೇಶ ಬರೆದವರಿಗೆ ಯಾರೂ ತಿಳಿಸಿರಲಿಲ್ಲ.

ನೀರಿನ ಸಾಲು ಹೊತ್ತಿಗೆ ಸರಿಯಾಗಿ ಹಳದಿಯಾಗಿ ಉದುರಿ ಕರ್ತವ್ಯನಿಷ್ಠೆ ಮೆರೆದಿದೆ. ಹಾರ್ಮೋನಿನ ಸಾಲು ಇಂದಿಗೂ ಹಸಿರಾಗಿದೆ. ಸಿಂಪಡಣೆ ನಿಲ್ಲಿಸೋಣವೆಂದರೆ, ಪ್ರಯೋಗದ ಯಶಸ್ಸಿಗಾಗಿ ಮೇಲಿನ ಕಚೇರಿ ಈಗಾಗಲೇ ಅಭಿನಂದನೆ ಕಳುಹಿಸಿಬಿಟ್ಟಿದೆ. ಸಹಾಯಕಿಯ ಸಂಬಳದಲ್ಲೇ ಅವರ ಮನೆ ನಡೆಯುತ್ತಿರುವುದನ್ನು ಇಲಾಖೆ ಗಮನಿಸಿದೆ. ಎಲೆಗಳು ಗಮನಿಸಿರುವ ಬಗ್ಗೆ ಪುರಾವೆ ಲಭ್ಯವಿಲ್ಲ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಎಲೆಗಳನ್ನು ಗದರಿಸುವುದು, ದುರುಗುಟ್ಟಿ ನೋಡುವುದು, ಮಾದರಿ ತೋರಿಸುವ ನೆಪದಲ್ಲಿ ಹಳದಿ ಅಂಗಿ ತೊಟ್ಟು ಅವುಗಳ ಮುಂದೆ ಸುಳಿದಾಡುವುದನ್ನು ನಿಷೇಧಿಸಲಾಗಿದೆ.

೨. ಕಳಿತ ಬಾಳೆಹಣ್ಣು ಹೊರಸೂಸುವ ಎಥಿಲೀನ್ ಅನಿಲವು ಎಲೆಗಳನ್ನು ಬೇಗ ಹಳದಿಯಾಗಿಸುತ್ತದೆಂದು ಎಲ್ಲೋ ಓದಿದ ಕಚೇರಿಯ ಅಧೀಕ್ಷಕರು, ಬುತ್ತಿಯ ನೆಪದಲ್ಲಿ ಗೊನೆಗಟ್ಟಲೆ ಹಣ್ಣು ತಂದು ಸದರಿ ಸಾಲಿನ ಕೆಳಗೆ ಇರಿಸಿದ್ದು ಸರಿಯಷ್ಟೆ. ಸಹಾಯಕಿ ಅದರ ಬೆನ್ನಲ್ಲೇ ಕಿಟಕಿಗಳನ್ನೆಲ್ಲ ತೆರೆದಿದ್ದಾರೆ. ಅನಿಲವು ಪಕ್ಕದ ದಾಖಲೆ ಶಾಖೆಗೆ ನುಗ್ಗಿ, ಅಲ್ಲಿನ ಹೂಕುಂಡದ ಹೂಗಳು ಮಾತ್ರ ಉದುರಿವೆ. ಹೂಗಳ ಹೆಸರು ನೇಮಕಾತಿ ಆದೇಶದಲ್ಲಿ ಇಲ್ಲದ ಕಾರಣ ಇದನ್ನು ಪರಿಗಣಿಸಲು ಬರುವುದಿಲ್ಲ.

೩. ಈ ಬಗ್ಗೆ ವಿಚಾರಿಸಲಾಗಿ ಸಹಾಯಕಿಯು, "ಎಲೆ ಹಳದಿ ಆಗ್ಲಿ ಸಾರ್, ನಾನೇ ಬೀಗ ಹಾಕಿ ಕೀಲಿ ಕೊಟ್ಟು ಹೋಗ್ತೀನಿ. ಸಿಂಪಡಿಸು ಅಂದೋರು ನೀವು, ಹಸಿರಾಗಿದೆ ಅಂತ ಮುಖ ಊದಿಸ್ಕೊಳ್ಳೋರೂ ನೀವೇ" ಎಂದು ಹೇಳಿಕೆ ನೀಡಿದ್ದಾರೆ. ಹೇಳಿಕೆಯಲ್ಲಿ ತಪ್ಪು ಹುಡುಕಲು ಉಪಸಮಿತಿ ರಚಿಸಲಾಗಿದೆ.

೪. ಸದರಿ ದ್ರಾವಣವು ಎಲೆಗೆ ಮಾತ್ರ ಅನ್ವಯ. ಅದನ್ನು ತಮ್ಮ ಬೋಳು ನೆತ್ತಿಗೆ ತಿಕ್ಕಿಕೊಂಡ ಗುಮಾಸ್ತರ ತಲೆಯಲ್ಲಿ ಯಾವುದೇ ಪ್ರಗತಿ ಕಂಡುಬಂದಿಲ್ಲ.

೫. ಸಹಾಯಕಿಯ ಅತ್ತೆಯವರು ದಿನವೂ ಗೇಟಿನ ಬಳಿ ನಿಂತು, "ಎಲೆ ಹೇಗಿದೆ ತಾಯಿ, ನಿನ್ನೆಗಿಂತ ಗೆಲುವಾಗಿದೆ ತಾನೇ?" ಎಂದು ಕೂಗಿ ಕೇಳುವುದರಿಂದ ಆಸ್ಪತ್ರೆಯ ವಾತಾವರಣ ಉಂಟಾಗುತ್ತಿದೆ. ಇನ್ನು ಮುಂದೆ ಎಲೆಗಳ ಯೋಗಕ್ಷೇಮವನ್ನು ಲಿಖಿತವಾಗಿ ವಿಚಾರಿಸತಕ್ಕದ್ದು.

೬. ಈ ನಡುವೆ ನಿವೃತ್ತಿಯ ಹೊಸ್ತಿಲಿನಲ್ಲಿರುವ ಅಧೀಕ್ಷಕರು, ತಮ್ಮ ಹುದ್ದೆಯ ಅವಧಿಯನ್ನೂ ಅದೇ ಎಲೆಗಳಿಗೆ ಜೋಡಿಸುವಂತೆ ಮನವಿ ಸಲ್ಲಿಸಿದ್ದಾರೆ. "ಮನೇಲಿ ಕೂತ್ರೆ ನಮ್ಮವಳು ಬೆಳಗಿಂದ ಸಂಜೆವರೆಗೂ ಕೆಲಸ ಹೇಳ್ತಾಳೆ" ಎಂಬುದು ಅವರು ನೀಡಿರುವ ಆಡಳಿತಾತ್ಮಕ ಕಾರಣ. ಸಹಾಯಕಿಯ ಅಭಿಪ್ರಾಯ ಕೋರಲಾಗಿ, "ಬರ್ಲಿ ಬಿಡಿ ಪಾಪ. ಕೊಡ ಹೊರೋಕೆ ನನಗೂ ಒಂದು ಜನ ಬೇಕಿತ್ತು" ಎಂದಿದ್ದಾರೆ.

೭. ಮನವಿಯನ್ನು ಮಂಜೂರು ಮಾಡಲಾಗಿದೆ. ಅಧೀಕ್ಷಕರು ತಕ್ಷಣದಿಂದ ಜಾರಿಗೆ ಬರುವಂತೆ ಸಹಾಯಕಿಯ ಅಧೀನದಲ್ಲಿ ಕೆಲಸ ಮಾಡತಕ್ಕದ್ದು. ಎಲೆಗಳು ಹಳದಿಯಾಗುವುದು ಇನ್ನು ಯಾರಿಗೂ ತುರ್ತಲ್ಲವೆಂದು ಕಂಡುಬಂದಿರುವುದರಿಂದ, ಅವುಗಳಿಗೆ ನೀಡಿದ್ದ ನೋಟಿಸನ್ನು ವಿಷಾದಪೂರ್ವಕವಾಗಿ ಹಿಂಪಡೆಯಲಾಗಿದೆ.

(ಸಹಿ)
ಅಧೀಕ್ಷಕರ ಪರವಾಗಿ
(ಅಧೀಕ್ಷಕರು ನೀರು ತರಲು ಹೋಗಿರುತ್ತಾರೆ)

ಪ್ರತಿಗಳು:
ದಾಖಲೆ ಶಾಖೆಗೆ, ಖಾಲಿ ಹೂಕುಂಡದ ಸಹಿತ.
ನೆತ್ತಿಯ ಗುಮಾಸ್ತರಿಗೆ, ವೈಯಕ್ತಿಕವಾಗಿ.
ಅತ್ತೆಯವರಿಗೆ, ಅವರ ಲಿಖಿತ ವಿಚಾರಣೆಗೆ ಮುಂಗಡ ಉತ್ತರವಾಗಿ: ಎಲೆಗಳು ಗೆಲುವಾಗಿವೆ.
ಅಧೀಕ್ಷಕರ ಪತ್ನಿಯವರಿಗೆ, ಮಾಹಿತಿಗಾಗಿ. ಮೇಲ್ಮನವಿಗೆ ಅವಕಾಶವಿರುವುದಿಲ್ಲ.