ತೆರಿಗೆ ಸಲಹೆಗಾರರ ಮೂರನೇ ಮಹಡಿಯ ಸೋಫಾರವರಿಗೆ

ಮಾನ್ಯರೇ,

ಮೂವರು ಆರಾಮವಾಗಿ, ನೆಂಟರಾದರೆ ನಾಲ್ವರು ಒತ್ತಿಕೊಂಡು ಕೂರಬಹುದಾದ ತಮ್ಮ ವಿಶಾಲವಾದ ಮಡಿಲಿಗೂ, ಎರಡು ಪಕ್ಕದ ದುಂಡನೆಯ ತೋಳುಗಳಿಗೂ, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ಆ ಕಂದು ತೊಗಲಿಗೂ, ಕುರ್ಚಿಗಳಿಗೆ ಮೆತ್ತೆ ಹೊಲಿದು ಬದುಕುವ ಒಬ್ಬ ಬಡಪಾಯಿಯ ಸಾವಿರ ನಮಸ್ಕಾರಗಳು. ಪತ್ರದ ಪದ್ಧತಿಯಂತೆ ತಾವು ಕ್ಷೇಮವೇ ಎಂದು ಕೇಳಬೇಕಾಗಿತ್ತು. ಆದರೆ ತಮ್ಮ ಕ್ಷೇಮ ಈಗ ನನ್ನ ಕೈಯಲ್ಲೇ ಇರುವುದರಿಂದ ಆ ಮಾತಿಗೆ ಆಮೇಲೆ ಬರುತ್ತೇನೆ.

ತಮ್ಮ ಕಥೆಯನ್ನು ನಮ್ಮ ಮನೆಯಲ್ಲಿ ಮೊಟ್ಟಮೊದಲು ಹೇಳಿದವನು ನನ್ನ ಭಾಮೈದ. ಹೇಳಿದ್ದು ಚಳಿ ಇನ್ನೂ ಪೂರ್ತಿ ಬಿಡದ ಒಂದು ಸಂಜೆ, ತೆರಿಗೆ ಇಲಾಖೆಯ ನೋಟಿಸು ಅಂಗಡಿಯ ಬಾಗಿಲಿಗೆ ಬಂದ ದಿನವೇ. ಕೆಲವು ವರ್ಷಗಳಿಂದ ನಾವು ತೆರಿಗೆಯನ್ನು ನಾಳೆ ಕಟ್ಟೋಣವೆಂದುಕೊಂಡೇ ಬಂದಿದ್ದೆವು. ಆ ನಾಳೆಗಳೆಲ್ಲ ಬಡ್ಡಿ, ದಂಡಗಳನ್ನು ಜೊತೆಗೆ ಕರೆದುಕೊಂಡು ಒಟ್ಟಿಗೇ ಬಂದಿಳಿದಿದ್ದವು. ಬೇಸಿಗೆಯೊಳಗೆ ಇತ್ಯರ್ಥವಾಗದಿದ್ದರೆ ನನ್ನ ಹೆಂಡತಿ ತೊಗಲು ಹೊಲಿಯುವ ದೊಡ್ಡ ಯಂತ್ರವನ್ನು ಜಪ್ತಿ ಮಾಡುವುದಾಗಿ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದು ಹೋದರೆ ಅಂಗಡಿಯಲ್ಲಿ ಉಳಿಯುವುದು ನಾನು, ಭಾಮೈದ ಮತ್ತು ಒಂದು ಸುತ್ತಿಗೆ. ಮೂವರಲ್ಲಿ ಕೆಲಸಕ್ಕೆ ಬರುವುದು ಸುತ್ತಿಗೆ ಮಾತ್ರ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಗೋಡೆಯ ಮೇಲಿನ ಜಾಹೀರಾತು ನೋಡಿ ಸಲಹೆಗಾರರೊಬ್ಬರನ್ನು ಕಂಡು ಬಂದಿದ್ದ ಭಾಮೈದ ಆ ಸಲಹೆಗಾರರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಡಿದ್ದೆಲ್ಲ ತಮ್ಮ ಬಗ್ಗೆಯೇ. “ಅಕ್ಕಾ, ಕೂತರೆ ಸೊಂಟದವರೆಗೂ ಒಳಗೆ ಹೋಗ್ತೀವಿ, ಸಾಲ ಗೀಲ ಒಂದೂ ನೆನಪಾಗಲ್ಲ” ಎಂದು ಕಣ್ಣು ಮುಚ್ಚಿಕೊಂಡು ವರ್ಣಿಸಿದ. “ಸಾಲ ನಿನ್ನನ್ನ ಮರೀಬೇಕು ಕಣೋ, ನೀನು ಸಾಲಾನ ಮರೆತರೆ ಏನು ಬಂತು?” ಎಂದು ಅವನ ಅಕ್ಕ ಗದರಿದಳು. ಆದರೂ ಮರುದಿನ ನಾವು ಮೂವರೂ ನೋಟಿಸು, ರಸೀದಿಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡು ತಮ್ಮ ದರ್ಶನಕ್ಕೆ ಹೊರಟೆವು.

ಬೇರೆಯವರಾಗಿದ್ದರೆ ಸಲಹೆಗಾರರ ಪರವಾನಗಿ ನೋಡುತ್ತಿದ್ದರೇನೋ. ನಾನು ಕಸುಬುದಾರ, ತಮ್ಮನ್ನು ನೋಡಿದೆ. ಅವರು ಮಾತಾಡುತ್ತಿರುವಾಗಲೇ ಕೈಯನ್ನು ಮೆಲ್ಲಗೆ ತಮ್ಮ ಅಡಿಗೆ ತೂರಿಸಿ ತಡವಿದರೆ, ಅಬ್ಬಾ, ಒಂದೊಂದು ಸ್ಪ್ರಿಂಗನ್ನೂ ಎಂಟು ದಿಕ್ಕಿಗೆ ದಾರ ಎಳೆದು ಗಂಟು ಹಾಕಿ ಕೂರಿಸಿದ್ದರು. ಇಂಥ ಕೈಕೆಲಸವನ್ನು ನಾನು ನನ್ನ ಗುರುಗಳ ಕಾಲದಿಂದೀಚೆಗೆ ಮುಟ್ಟಿರಲಿಲ್ಲ. ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ನಿಯತ್ತಾಗಿ ಗಂಟು ಹಾಕಿಸಿದ ಮನುಷ್ಯ ಕಾಣುವ ಜಾಗದಲ್ಲಿ ಮೋಸ ಮಾಡುತ್ತಾನೆಯೇ ಎಂದು ಅಲ್ಲಿಯೇ ತೀರ್ಮಾನ ಮಾಡಿಬಿಟ್ಟೆ.

ಸಲಹೆಗಾರರು ನಮ್ಮ ಚೀಲದ ಬಾಯಿಯನ್ನೂ ಬಿಚ್ಚಿಸಲಿಲ್ಲ. “ಅಯ್ಯೋ, ಇದನ್ನೆಲ್ಲ ಯಾಕೆ ಹೊತ್ತು ತಂದ್ರಿ ಸಾರ್, ಭಾರ” ಎಂದು ಕನಿಕರಪಟ್ಟರು. ಬಾಕಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿಕೊಡುವುದಾಗಿಯೂ, ಸಲಹೆಯ ಶುಲ್ಕವನ್ನು ಮಾತ್ರ ಪೂರ್ತಿಯಾಗಿ ಮೊದಲೇ ಕೊಡಬೇಕೆಂದೂ, ಇವತ್ತೇ ಸಹಿ ಹಾಕಿದರೆ ಅದರಲ್ಲೂ ರಿಯಾಯಿತಿ ಉಂಟೆಂದೂ ನಗುನಗುತ್ತಾ ಹೇಳಿದರು. ಇಲಾಖೆಗೆ ಹೋಗಿ ನಮ್ಮ ಪರವಾಗಿ ಮಾತಾಡುವವರು ಯಾರು ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ “ನಮ್ಮ ತಂಡ ಇದೆ ಮೇಡಂ” ಎಂದರು. ತಂಡದವರನ್ನು ಸ್ವಲ್ಪ ತೋರಿಸಿ ಎಂದದ್ದಕ್ಕೆ, ತಂಡ ಹೊರಗೆ ಹೋಗಿದೆ ಎಂದರು. ಆ ಮಾತು ಕೇಳಿ ಅವಳು ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು ಹೊರಡಲು ನೋಡಿದಳು.

ಮಾನ್ಯರೇ, ನನ್ನ ಮುಖ್ಯ ದೂರು ಇರುವುದು ಇಲ್ಲಿಯೇ. ಸಿಟ್ಟಿನಿಂದ ಎದ್ದ ಹೆಂಗಸನ್ನು ತಡೆಯಲು ಈವರೆಗೆ ಯಾರಿಂದಲೂ ಆಗಿರಲಿಲ್ಲ, ನನ್ನಿಂದಂತೂ ಇಲ್ಲವೇ ಇಲ್ಲ. ತಾವು ಮಾತ್ರ ಅರ್ಧ ಎದ್ದವಳನ್ನು ತಾಯಿ ಮಗುವನ್ನು ಎಳೆದುಕೊಳ್ಳುವಂತೆ ಮತ್ತೆ ಮತ್ತೆ ಮಡಿಲಿಗೆ ಎಳೆದುಕೊಂಡಿರಿ. ಅವಳು ತಮ್ಮ ತೋಳು ಹಿಡಿದು, ತಮ್ಮನ ಹೆಗಲು ಹಿಡಿದು, ಕಡೆಗೆ ನನ್ನ ತಲೆಯ ಮೇಲೆ ಕೈಯೂರಿ ಎದ್ದು ನಿಲ್ಲುವಷ್ಟರಲ್ಲಿ ನಾನು ಸಹಿ ಹಾಕಿ, ಮುಂದಿನ ತೊಗಲು ಖರೀದಿಗೆಂದು ಎತ್ತಿಟ್ಟಿದ್ದ ಹಣವನ್ನೂ ಎಣಿಸಿಕೊಟ್ಟು ಮುಗಿಸಿದ್ದೆ. ಜೇಬಿನಿಂದ ಜಾರಿದ ಚಿಲ್ಲರೆ, ಬೀಗದ ಕೈ, ಬಾಚಣಿಗೆ ಎಲ್ಲವನ್ನೂ ಸಂದಿಯಲ್ಲಿ ನುಂಗುವ ಅಭ್ಯಾಸವಿರುವ ತಾವು ಆ ಹೊತ್ತಿನಲ್ಲಿ ಆ ಒಂದು ಪೆನ್ನನ್ನು ನುಂಗಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಆಮೇಲಿನ ವಾರಗಳಲ್ಲಿ ಫೋನು ಮಾಡಿದಾಗಲೆಲ್ಲ “ನಿಮ್ಮ ಫೈಲು ಓಡ್ತಾ ಇದೆ” ಎಂಬ ಉತ್ತರ ಬಂತು. ಅದು ಯಾವ ದಿಕ್ಕಿಗೆ ಓಡುತ್ತಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಕಡೆಗೆ ಫೋನು ಎತ್ತುವುದೂ ನಿಂತಿತು, ಇಲಾಖೆಯಿಂದ ಎರಡನೇ ನೋಟಿಸು ಬಂತು: “ನಿಮ್ಮ ಪರವಾಗಿ ಯಾರೂ ಇಲಾಖೆಯನ್ನು ಸಂಪರ್ಕಿಸಿಲ್ಲ, ಬಡ್ಡಿ ಏರಿದೆ, ಯಂತ್ರವನ್ನು ಸಿದ್ಧವಾಗಿಡತಕ್ಕದ್ದು.” ಆ ದಿನ ನನ್ನ ಹೆಂಡತಿ ಯಂತ್ರವನ್ನು ಒರೆಸಿ, ಎಣ್ಣೆ ಹಾಕಿ, ಅದರ ಮುಂದೆಯೇ ಕೂತಿದ್ದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು.

ಆಮೇಲೆ ಹುಡುಕುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಲೆಕ್ಕಪತ್ರದ ಅಮ್ಮನವರು ಸಿಕ್ಕಿದರು. ಅಲ್ಲಿದ್ದ ಬೆಂಚು ತಮಗೆ ಯಾವ ಕಡೆಯಿಂದಲೂ ಸಂಬಂಧವಲ್ಲ. ಬರೀ ಹಲಗೆ, ನಡುವೆ ಒಂದು ಮೊಳೆ. ಭಾಮೈದ ಕೂತ ಕೂಡಲೇ ಎದ್ದ. ನಾನು ಒಂದು ಮೆತ್ತೆ ಹೊಲಿದುಕೊಡಲೇ ಎಂದರೆ, “ಬೇಡಪ್ಪಾ, ಮೆತ್ತೆ ಹಾಕಿದರೆ ಜನ ಕಾಗದ ಬಿಟ್ಟು ಕಥೆ ತೆಗೀತಾರೆ” ಎಂದು ಚೀಲವನ್ನು ಮೇಜಿನ ಮೇಲೆ ಮಗುಚಿ, ಸಂಜೆಯವರೆಗೂ ಒಂದೊಂದೇ ಹಾಳೆ ಎತ್ತಿ ನೋಡುತ್ತಾ, ಹಾಳೆಗೊಂದರಂತೆ ನನ್ನನ್ನು ಗದರಿದರು. “ಬಾಕಿ ಅಂದ್ರೆ ಬಾಕಿ. ದಂಡ ಸ್ವಲ್ಪ ಇಳಿಸಿ ಅಂತ ಕೇಳಬಹುದು, ಕಂತು ಕೇಳಬಹುದು. ಕೊಟ್ಟೇ ಕೊಡ್ತಾರೆ ಅಂತ ಭಾಷೆ ಕೊಡಲ್ಲ” ಎಂದರು. ಶುಲ್ಕ ಎಷ್ಟು, ಯಾವ ಕೆಲಸ ಆದಮೇಲೆ ಎಷ್ಟು ಎಂದು ಬರೆದುಕೊಟ್ಟರು. ಪರವಾನಗಿಯ ಸಂಖ್ಯೆಯನ್ನೂ ಕೊಟ್ಟು, ಅದು ನಿಜವೋ ಸುಳ್ಳೋ ವಿಚಾರಿಸಿಕೊಂಡು ನಾಳೆ ಬನ್ನಿ, ಇವತ್ತು ಸಹಿ ಬೇಡ ಎಂದರು. ಇಷ್ಟು ಸಾಲದೆಂದು ಇಬ್ಬರು ಹಳೆಯ ಗಿರಾಕಿಗಳ ಫೋನ್ ನಂಬರು ಬರೆದು, “ಇವರಿಗೆ ನನ್ನ ಮೇಲೆ ಸಮಾಧಾನ ಇದೆ, ಇವರಿಗೆ ಇಲ್ಲ. ಇಬ್ಬರನ್ನೂ ಕೇಳಿ” ಎಂದರು.

ನನ್ನ ಹೆಂಡತಿ ಸಮಾಧಾನವಿಲ್ಲದವರಿಗೇ ಮೊದಲು ಫೋನು ಮಾಡಿದಳು. ಅವರು, “ಅಯ್ಯೋ, ಆಯಮ್ಮನ ಸಹವಾಸ ಬೇಡ ತಾಯಿ, ಒಂದೇ ಒಂದು ಸುಳ್ಳು ಬರೆಯೋಕೂ ಬಿಡಲಿಲ್ಲ!” ಎಂದು ಗೋಳಾಡಿಕೊಂಡರಂತೆ. ಅವಳು ಫೋನು ಕೆಳಗಿಟ್ಟು, “ರೀ, ಹುಡುಕ್ತಿದ್ದವರು ಸಿಕ್ಕಿದರು” ಎಂದಳು. ಅಮ್ಮನವರು ಇಲಾಖೆಗೆ ತಾವೇ ನಮ್ಮ ಜೊತೆ ಬಂದರು. ದಂಡದಲ್ಲಿ ಒಂದಿಷ್ಟು ಇಳಿಯಿತು, ಉಳಿದದ್ದಕ್ಕೆ ತಿಂಗಳ ಕಂತಾಯಿತು, ಯಂತ್ರ ಇದ್ದಲ್ಲೇ ಉಳಿಯಿತು. ಅದರ ಸದ್ದು ಈಗಲೂ ನನ್ನ ಬೆನ್ನ ಹಿಂದೆ ಕೇಳುತ್ತಿದೆ, ನಡುನಡುವೆ ಕೇಳುವ ಬೈಗುಳ ಯಂತ್ರದ್ದಲ್ಲ.

ಇನ್ನು ತಮ್ಮ ಕ್ಷೇಮದ ವಿಷಯ. ಮೂರನೇ ಮಹಡಿಯ ಸಲಹೆಗಾರರು ಬಾಡಿಗೆಯನ್ನೂ ಕೊಡದೆ ಒಂದು ದಿನ ಆ ಹೊರಗೆ ಹೋದ ತಂಡವನ್ನೇ ಹುಡುಕಿಕೊಂಡು ಹೋದಂತೆ ಮಾಯವಾದರು. ಕಟ್ಟಡದ ಯಜಮಾನರು ತಮ್ಮನ್ನು ಗಾಡಿಯಲ್ಲಿ ತಂದು ನನ್ನ ಅಂಗಡಿಯಲ್ಲಿ ಇಳಿಸಿ, ಹೊಸ ತೊಗಲು ಹಾಕಿಕೊಡಿ ಎಂದರು. ನಿನ್ನೆಯಲ್ಲ ಮೊನ್ನೆ ಸಂಜೆ ನಮ್ಮ ಬೀದಿಯ ಕ್ಷೌರದವರು, ಟಯರು ಅಂಗಡಿಯವರು, ಗಡಿಯಾರ ರಿಪೇರಿಯವರು ಎಲ್ಲ ಸುತ್ತ ಸೇರಿದ್ದರು; ಭಾಮೈದ ತಮ್ಮ ಮೇಲೆಯೇ ಕೂತು, ಅಕ್ಕ ಏಳಲಾರದೆ ಒದ್ದಾಡಿದ್ದನ್ನು ಅಭಿನಯ ಮಾಡಿ ತೋರಿಸುತ್ತಾ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಕಥೆ ಮುಗಿದ ಮೇಲೆ ಅವನನ್ನು ಎಬ್ಬಿಸಿ ನಾನು ತಮ್ಮ ತೊಗಲು ಬಿಚ್ಚಿದೆ. ಎಂಟು ದಿಕ್ಕಿನ ಗಂಟು ಇದ್ದದ್ದು ಮುಂದಿನ ಒಂದು ಸಾಲಿಗೆ ಮಾತ್ರ. ಅದರ ಹಿಂದೆ ಪೆಟ್ಟಿಗೆಗಳ ರಟ್ಟು, ಹರಿದ ಹಾಸಿಗೆಯ ಚೂರು, ಒಂಟಿ ಚಪ್ಪಲಿ. ನನ್ನ ಕೈ ಹೋಗುವಷ್ಟು ದೂರ ಮಾತ್ರ ತಾವು ಪ್ರಾಮಾಣಿಕರಾಗಿದ್ದಿರಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕ್ಷೌರದವರು, ಬೇರೆ ಯಾರಿಗೋಸ್ಕರ ಕೇಳುವವರಂತೆ, ಆಯಮ್ಮ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತಾರೆ ಎಂದು ವಿಚಾರಿಸಿದರು. ಮರುದಿನ ಬೆಳಿಗ್ಗೆ ನಾನು ಕಂತಿನ ರಸೀದಿ ತೋರಿಸಲು ಸೈಕಲ್ ಅಂಗಡಿಯ ಮೇಲಕ್ಕೆ ಹತ್ತಿದರೆ, ಬೆಂಚಿನ ಈ ತುದಿಯಲ್ಲಿ ಕ್ಷೌರದವರು, ಆ ತುದಿಯಲ್ಲಿ ಗಡಿಯಾರದವರು, ನಡುವೆ ಮೊಳೆಯ ಮೇಲೆ ಟಯರಿನವರು, ಮೂವರೂ ತೊಡೆಯ ಮೇಲೆ ಉಬ್ಬಿದ ಚೀಲ ಇಟ್ಟುಕೊಂಡು, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಗೋಡೆ ನೋಡುತ್ತಾ ಕೂತಿದ್ದರು.

ತಮ್ಮ ವಿಶ್ವಾಸಿ,
ಇನ್ನು ಮುಂದೆ ಮೊಣಕೈವರೆಗೂ ಕೈ ಹಾಕಿ ನೋಡುವ ಮೆತ್ತೆಯವನು

ತಾ.ಕ.: ಮೂರನೇ ಮಹಡಿಗೆ ಹೊಸ ಬಾಡಿಗೆದಾರರು ಬಂದಿದ್ದಾರಂತೆ, ಅವರದೂ ತೆರಿಗೆ ಬಾಕಿ ಇಳಿಸಿಕೊಡುವ ವ್ಯವಹಾರವೇ, ಅವರಿಗೆ ತಾವೇ ಬೇಕಂತೆ. ತಮ್ಮನ್ನು ಈ ಸಲ ಹಿಂದಿನಿಂದ ಮುಂದಿನವರೆಗೆ ನಿಯತ್ತಾಗಿ ತುಂಬಿಸಿದ್ದೇನೆ. ನಡುವಿನ ಒಂದು ಸ್ಪ್ರಿಂಗನ್ನು ಮಾತ್ರ ಬೇಕೆಂದೇ ಬೇರೆ ಥರ ಬಿಗಿದಿದ್ದೇನೆ: ಓದದೆ ಸಹಿ ಹಾಕಲು ಪೆನ್ನು ಹಿಡಿದು ಮುಂದಕ್ಕೆ ಬಾಗಿದವರನ್ನು ಅದು ಹಿಂದಿನಿಂದ ಎತ್ತಿ ನೇರವಾಗಿ ಬಾಗಿಲ ಕಡೆಗೆ ಕಳಿಸುತ್ತದೆ. ಭಾಮೈದನನ್ನು ಕೂರಿಸಿ ಪರೀಕ್ಷಿಸಲಾಗಿದೆ. ಅವನು ಕ್ಷೇಮ.