ತಿಂಗಳ ಸೋರೆಕಾಯಿ

ತಿಮ್ಮರಾಜು ಮಾಡಿದ್ದು ಒಂದೇ ತಪ್ಪು. ಅಡುಗೆಯ ಪಟ್ಟಿಯನ್ನು ತಮಿಳಿನಲ್ಲಿ ಬರೆದ.

ತಮಿಳುನಾಡಿನ ಹೊಸೂರಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ತಮಿಳಿನಲ್ಲೇ ಲೆಕ್ಕ ಬರೆದು ದುಡಿದವನಿಗೆ ಪ್ಲಾನಿಲ್ಲದೆ ಒಂದು ನಟ್ಟು ತಿರುಗಿಸುವುದೂ ಪಾಪವೆನಿಸುತ್ತಿತ್ತು. ಮನೆಯಲ್ಲೂ ಯಾವ ದಿನ ಯಾವ ಅಡುಗೆ ಎಂದು ಗೊತ್ತುಮಾಡಿ ಅಷ್ಟೇ ತರಕಾರಿ ತಂದರೆ, ಉಳಿದ ದುಡ್ಡಿನಲ್ಲಿ ಭಾನುವಾರ ಒಂದು ಕಿಲೋ ಮಟನ್ ಬರುತ್ತದೆಂದು ಅವನ ಆಸೆ. ಮಟನ್ ಎಂದರೆ ಅವನಿಗೆ ಪ್ರಾಣ, ಸೋರೆಕಾಯಿ ಕಂಡರಾಗದು. ಆಗದ್ದನ್ನು ಮೊದಲೇ ಮುಗಿಸೋಣವೆಂದು ಮೊದಲ ಸಾಲಿನಲ್ಲಿ ಅದನ್ನೇ ಬರೆದ. ಎರಡನೆಯ ಸಾಲು ಬರೆಯುವಷ್ಟರಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯಿತು. ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ, ಇದರಂತೆಯೇ ತರಕಾರಿ ತರಬೇಕೆಂದು ಹೆಂಡತಿಗೆ ಹೇಳಿ ಓಡಿದ.

ಸರಳಾ ಮಾಲೂರಿನವಳು, ತಮಿಳು ಓದಲು ಬಾರದು. ಪಕ್ಕದ ಮನೆಯ ವರಲಕ್ಷ್ಮಮ್ಮನನ್ನು ಕರೆದಳು. ತೆಲುಗು ಮನೆಮಾತಿನ ಆಕೆ ಬಸ್ಸಿನ ಬೋರ್ಡುಗಳಿಂದ ಕಲಿತ ತಮಿಳಿನಲ್ಲಿ ಅಕ್ಷರ ಕೂಡಿಸಿ ಓದಿದರು: “ತಿಂಗಳ್... ಸುರೈಕ್ಕಾಯ್.” ಇಬ್ಬರೂ ಮುಖ ಮುಖ ನೋಡಿಕೊಂಡರು.

ಸಂಜೆ ತಿಮ್ಮರಾಜು ಬಂದಾಗ ನಡುಮನೆಯಲ್ಲಿ ಮೂವತ್ತು ಸೋರೆಕಾಯಿಗಳು ಮದುವೆಮನೆಯ ನೆಂಟರಂತೆ ಸಾಲಾಗಿ ಮಲಗಿದ್ದವು.

“ಇದೇನೇ ಇದು?”

“ನೀವೇ ಬರ್ದಿದ್ರಲ್ಲ, ತಿಂಗಳು ಸೋರೆಕಾಯಿ ಅಂತ. ದಿನಕ್ಕೊಂದು. ಟೆಂಪೋದೋನು ಕಮ್ಮಿ ರೇಟಿಗೆ ಕೊಟ್ಟ, ತರಕಾರಿ ದುಡ್ಡೆಲ್ಲ ಅದಕ್ಕೇ ಆಯ್ತು.”

“ತಮಿಳಲ್ಲಿ ತಿಂಗಳ್ ಅಂದ್ರೆ ಸೋಮವಾರ ಕಣೇ” ಎಂದು ತಿಮ್ಮರಾಜು ಕುಸಿದು ಕೂತ.

ಮಟನ್ ಕೈತಪ್ಪಿಹೋಯಿತು. ಅವನಿಗೆ ಅಳುವೇ ಬಂತು. ಆಮೇಲೆ ನೆನಪಾಯಿತು: ವರಲಕ್ಷ್ಮಮ್ಮನ ಗಂಡ ರಾಮಾಂಜಿನಪ್ಪ ಪ್ರತಿ ಭಾನುವಾರ ಒಂದು ಬಟ್ಟಲು ಮಟನ್ ಸಾರು ಕಳಿಸುವ ರೂಢಿಯಿದೆ. ಎರಡು ಕಾಯಿ ಹೆಚ್ಚಿಗೆ ಕೊಟ್ಟರೆ ಎರಡು ತುಂಡು ಹೆಚ್ಚಿಗೆ ಬಂದೀತು.

ಅವರಿಗೆಂದು ನಾಲ್ಕು ಕಾಯಿ ಎತ್ತಿಟ್ಟು, ಮಿಕ್ಕದ್ದನ್ನು ಗೋಣಿಚೀಲದಲ್ಲಿ ಹೊತ್ತು ತಾವಿದ್ದ ಅವಲಪಲ್ಲಿಯ ಬೀದಿಯಲ್ಲಿ ಮನೆಮನೆಗೂ ಹಂಚಿದ. ಎಂದೂ ಇಲ್ಲದ ಮರ್ಯಾದೆ ಸಿಕ್ಕಿತು. ಕಮಲಮ್ಮ ಕಾಯಿಯನ್ನು ಕಣ್ಣಿಗೊತ್ತಿಕೊಂಡರು. ಸೊಣ್ಣಪ್ಪ ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ಈಸಿಕೊಂಡ. ಸೋರೆಕಾಯಿಗೆ ಇಷ್ಟು ಬೆಲೆಯೇ ಎಂದು ತಿಮ್ಮರಾಜು ಬೆರಗಾದ.

ಕೊನೆಗೆ ರಾಮಾಂಜಿನಪ್ಪನ ಜಗಲಿಗೆ ಬಂದ. ಅವರ ಮುಖ ಸಪ್ಪಗಿತ್ತು. ನಾಲ್ಕು ಕಾಯಿ ಇಟ್ಟು, ಭಾನುವಾರದ ಸಾರಿನ ಮಾತು ಮೆಲ್ಲಗೆ ತೆಗೆದ.

“ಎಲ್ಲೀ ಸಾರ್ಲಾ? ನೀನು ತಿಂಗ್ಳು ಸೋರೆಕಾಯಿ ಹರಕೆ ಹೊತ್ತಿದ್ದೀಯ ಅಂತ ನಮ್ಮೆಂಗ್ಸು ಬೀದಿಗೆಲ್ಲ ಯೋಳವ್ಳೆ. ಪಕ್ಕದ ಮನೇಲಿ ಹರಕೆ ಇರೋವಾಗ ನಮ್ ಒಲೆ ಮ್ಯಾಲೆ ಮಟನ್ ಬೇಯ್ಬಾರ್ದಂತೆ. ಒಂದು ತಿಂಗ್ಳು ಕಣ್ಲಾ.”

“ಹರಕೆನೂ ಇಲ್ಲ, ಏನೂ ಇಲ್ಲ ಅಣ್ಣಾ. ತಿಂಗಳ್ ಅಂದ್ರೆ ಸೋಮವಾರ.”

ಒಳಗಿನಿಂದ ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

“ಸೋಮವಾರ ಒಪ್ಪತ್ತು ಬೇರೆ ಅದಾ? ಇವತ್ತೇ ಸೋಮವಾರ ಅಲ್ವಾ! ಪಾಪ, ಸರಳಂಗೆ ಗೊತ್ತಿಲ್ದೆ ರಾತ್ರಿಗೂ ಅನ್ನಕ್ಕಿಟ್ಟವ್ಳೆ. ಯೋಳ್ಬುಟ್ಟು ಬತ್ತೀನಿ ಇರು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.